ರೂಪಾಯಿ-ಪೌಂಡುಗಳ ವಿನಿಮಯದರ : ಅಂಬೇಡ್ಕರರ ಗ್ರಂಥದ ವಿಮರ್ಶೆ

ಡಾಕ್ಟರ್ ಅಂಬೇಡ್ಕರರು ಲಂಡನ್ನಿನ ಅರ್ಥಶಾಸ್ತ್ರ ವಿದ್ಯಾಲಯದಲ್ಲಿ ರಚಿಸಿದ ಪ್ರಬಂಧವು ‘ರೂಪಾಯಿಯ ಸಮಸ್ಯೆ’ ಎಂಬರ್ಥದ ಹೆಸರಿನಿಂದ 1923ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಭಾರತದ ರಿಜರ್ವ್ ಬ್ಯಾಂಕು ಈ ಗ್ರಂಥದಿಂದಲೇ ಹುಟ್ಟಿತೆಂಬ ಮಾತು ಈಗ ರೂಢಿಯಾಗಿರುವುದು. ಈ ಹೊಗಳಿಕೆಯಿಂದ ಗ್ರಂಥದ ನಿಜವಾದ ಸಾರವು ಮರೆಯಾಗಿರುವುದೇ ಹೊರತು ಬೆಳಗಿಲ್ಲ. ಗ್ರಂಥವು ಪ್ರತಿಪಾದಿಸಿದುದೇನು, ಸರಕಾರವು ಅಂಗೀಕರಿಸಿದುದೇನು ಎಂಬುದನ್ನು ಬೇರ್ಪಡಿಸಿ ನೋಡುವುದು ಅವಶ್ಯಕವು.

1835ರ ಕಾಯಿದೆಯಂತೆ ರೂಪಾಯಿಯು 165 ಗ್ರೇನ್ ಶುದ್ಧ ಬೆಳ್ಳಿಯುಳ್ಳ ನಾಣ್ಯ. ಇಂಗ್ಲೆಂಡಿನ ಪೌಂಡಾದರೋ ಚಿನ್ನವನ್ನು ಆಶ್ರಯಿಸಿದ್ದಿತು. 1873ರ ಸುಮಾರಿನವರೆಗೆ ರೂಪಾಯಿಗೆ 2 ಷಿಲ್ಲಿಂಗುಗಳ ಆಸುಪಾಸಿನಲ್ಲಿದ್ದ ದರವು, ಬೆಳ್ಳಿಯ ಬೆಲೆ ಕುಸಿದಂತೆಲ್ಲ ಇಳಿಯುತ್ತ, 1892-93ರಲ್ಲಿ 1 ಷಿಲ್ಲಿಂಗು 3 ಪೆನ್ಸಿನಷ್ಟಾಯಿತು. ಲಂಡನ್ನಿನಲ್ಲಿ ಪೌಂಡುಗಳಲ್ಲಿಯೇ ತೆರಬೇಕಾಗಿದ್ದ ವೆಚ್ಚಗಳಿಗಾಗಿ ಭಾರತ ಸರಕಾರವು ವರ್ಷವರ್ಷಕ್ಕೂ ಹೆಚ್ಚು ರೂಪಾಯಿಗಳನ್ನು ಸುರಿಯಬೇಕಾಯಿತು. ಆದಕಾರಣ 1893ರಲ್ಲಿ ಪ್ರಜೆಗಳು ಬೆಳ್ಳಿಯನ್ನು ತಂದು ನಾಣ್ಯಮಾಡಿಸಿಕೊಳ್ಳುವ ಹಕ್ಕು ರದ್ದಾಯಿತು. 1899ರಲ್ಲಿ ಒಂದು ಸವರನ್ನಿಗೆ 15 ರೂಪಾಯಿ, ಅಂದರೆ ರೂಪಾಯಿಗೆ 1 ಷಿಲ್ಲಿಂಗು 4 ಪೆನ್ಸ್, ಎಂಬ ದರವು ಸ್ಥಿರಪಟ್ಟಿತು.

ಇಲ್ಲಿಂದ ಮುಂದೆ ವಾದದ ಆರಂಭ. ಚಿನ್ನದ ನಾಣ್ಯವು ಚಲಾವಣೆಯಲ್ಲಿಲ್ಲದಿದ್ದರೂ ವಿದೇಶೀ ವಿನಿಮಯವು ಸ್ಥಿರವಾಗಿದ್ದರೆ ಸಾಕೆಂದು ಕೀನ್ಸ್ ಮಹಾಶಯರು 1913ರ ತಮ್ಮ ಗ್ರಂಥದಲ್ಲಿ ಈ ವ್ಯವಸ್ಥೆಯನ್ನು ಸಮರ್ಥಿಸಿದ್ದರು. ಅಂಬೇಡ್ಕರರು ಈ ಪೂರ್ವಪಕ್ಷವನ್ನು ಕುಗ್ಗಿಸದೆ ಎತ್ತಿಕೊಂಡು ಖಂಡಿಸಿರುವರು. ನಾಣ್ಯದ ಸ್ಥಿರತೆಯೆಂದರೆ ಅದರ ಕೊಳ್ಳುವ ಶಕ್ತಿಯ ಸ್ಥಿರತೆಯೇ ಹೊರತು ಪರದೇಶದ ನಾಣ್ಯದೊಡನೆ ಅದರ ದರದ ಸ್ಥಿರತೆಯಲ್ಲವೆಂಬುದು ಅವರ ಸಿದ್ಧಾಂತ. ಪ್ರಜೆಗಳಿಗೆ ಟಂಕಸಾಲೆಯ ಬಾಗಿಲನ್ನು ಮುಚ್ಚಿ ಸರಕಾರಕ್ಕೆ ಮಾತ್ರ ತೆರೆದಿಟ್ಟುದೇ ಮೂಲದೋಷವೆಂದು ಅವರ ನಿರ್ಣಯ. ದರ ಇಳಿದರೆ ದೇಶಕ್ಕೆ ಲಾಭವೆಂಬ ಅಂದಿನ ಜನಪ್ರಿಯ ಮತವನ್ನೂ ಅವರು ಒಪ್ಪಲಿಲ್ಲ. ಬೆಲೆಗಳು ಏರಿದಷ್ಟು ಬೇಗ ಕೂಲಿ ಏರದಾದ್ದರಿಂದ, ಆ ಲಾಭವು ಹೊರದೇಶದಿಂದ ಬಂದುದಲ್ಲ, ಕೂಲಿಕಾರನ ಕೈಯಿಂದ ಒಡೆಯನ ಕೈಗೆ ಸಾಗಿದುದೆಂದು ತೋರಿಸಿರುವ ಭಾಗವು ಗ್ರಂಥದಲ್ಲಿಯೇ ಅತ್ಯಂತ ಬೆಲೆಯುಳ್ಳದ್ದು.

ತರ್ಕದ ಪರಿಭಾಷೆಯಲ್ಲಿ ಹೇಳುವುದಾದರೆ, ದರವು ಸ್ಥಿರವಾಗಿರುವ ನಾಣ್ಯವೇ ಉತ್ತಮ ನಾಣ್ಯವೆಂಬ ಲಕ್ಷಣಕ್ಕೆ ಅತಿವ್ಯಾಪ್ತಿದೋಷವುಂಟು. ಕೆಡುತ್ತಿರುವ ನಾಣ್ಯಕ್ಕೂ ಅದು ಅನ್ವಯಿಸುವುದು. ಇದಕ್ಕೆ ಮುಂದಿನ ಚರಿತ್ರೆಯೇ ದೃಷ್ಟಾಂತ. 1927ರಲ್ಲಿ ನಿಗದಿಯಾದ 1 ಷಿಲ್ಲಿಂಗು 6 ಪೆನ್ಸಿನ ದರವು 1966ರವರೆಗೆ ಕದಲಲಿಲ್ಲ. ಆದರೆ 1939ರಿಂದ 1945ರವರೆಗಿನ ಯುದ್ಧಕಾಲದಲ್ಲಿ, ಬ್ರಿಟನ್ನಿನ ಪರವಾಗಿ ಮಾಡಿದ ವೆಚ್ಚಕ್ಕೆ ಲಂಡನ್ನಿನ ಪತ್ರಗಳನ್ನು ಆಧಾರವಾಗಿಟ್ಟುಕೊಂಡು ನೋಟುಗಳನ್ನು ಹೆಚ್ಚಿಸಿದುದರಿಂದ, ಬೆಲೆಗಳು ಇಮ್ಮಡಿಗೂ ಮಿಕ್ಕಿ ಏರಿದವು. ತಕ್ಕಡಿಯ ಮುಳ್ಳು ನೆಟ್ಟಗಿದ್ದಿತು. ಅಕ್ಕಿಯ ಅಳತೆ ಮಾತ್ರ ಕುಗ್ಗಿತು.

ಆದರೆ ರೋಗನಿದಾನದಲ್ಲಿ ಕಾಣುವ ಪ್ರೌಢಿಮೆಯು ಚಿಕಿತ್ಸೆಯಲ್ಲಿ ಕಾಣುವುದಿಲ್ಲ. ರೂಪಾಯಿಯ ಸಂಖ್ಯೆಯನ್ನು ಮಿತಗೊಳಿಸಿ, ಚಿನ್ನದ ನಾಣ್ಯವನ್ನು ಚಲಾವಣೆಗೆ ತರಬೇಕೆಂದು ಗ್ರಂಥಕರ್ತರ ಮತ. ಗ್ರಂಥಕ್ಕೆ ಮುನ್ನುಡಿ ಬರೆದ ಆಚಾರ್ಯ ಕ್ಯಾನನ್ನರೇ ಅದರ ಅನೇಕ ಟೀಕೆಗಳಿಗೆ ತಮ್ಮ ಒಪ್ಪಿಗೆಯಿಲ್ಲವೆಂದಿರುವರು. ಚಿನ್ನದ ಕೊಳ್ಳುವ ಶಕ್ತಿಯೂ ಅಚಲವಲ್ಲ: 1929ರ ತರುವಾಯ ಚಿನ್ನವನ್ನು ನೆಚ್ಚಿದ ದೇಶಗಳಲ್ಲಿ ಬೆಲೆಗಳು ಕುಸಿದುಬಿದ್ದು, 1931ರಲ್ಲಿ ಇಂಗ್ಲೆಂಡೇ ಅದನ್ನು ಕೈಬಿಟ್ಟಿತು. ಗ್ರಂಥಕರ್ತರ ಒರೆಗಲ್ಲಿನಲ್ಲಿಯೇ ತಿಕ್ಕಿ ನೋಡಿದರೂ ಅವರ ಪರಿಹಾರವು ಪೂರ್ಣವಾಗಿ ತೇರ್ಗಡೆಯಾಗದು.

ಇನ್ನು ರೂಢಿಯ ಮಾತಿನ ವಿಷಯ. 1925ರಲ್ಲಿ ಹಿಲ್ಟನ್ ಯಂಗ್ ಆಯೋಗದ ಮುಂದೆ ಅಂಬೇಡ್ಕರರು ಸಾಕ್ಷ್ಯವಿತ್ತುದು ದಿಟ. ಆ ಆಯೋಗವು ಕೇಂದ್ರ ಬ್ಯಾಂಕೊಂದನ್ನು ಸೂಚಿಸಿದುದೂ, 1935ರಲ್ಲಿ ರಿಜರ್ವ್ ಬ್ಯಾಂಕು ಆರಂಭವಾದುದೂ ದಿಟ. ಆದರೆ 1931ರಲ್ಲಿಯೇ ರೂಪಾಯಿಯನ್ನು ಪೌಂಡಿಗೆ ಕಟ್ಟಿಯಾಗಿದ್ದಿತು. ಬ್ಯಾಂಕಿನ ಪಾಲಿಗೆ ಬಂದುದು ಆ ದರವನ್ನು ಕಾಯುವ ಹೊಣೆ. ಅಂಬೇಡ್ಕರರು ಯಾವ ಪದ್ಧತಿಯನ್ನು ಖಂಡಿಸಿದರೋ ಅದೇ ಮತ್ತೊಂದು ರೂಪದಿಂದ ಮುಂದುವರಿಯಿತು. ಸರಕಾರವು ಕೇಳಿದ ಗ್ರಂಥವೆಂದಲ್ಲ, ಕೇಳದೆ ಹೋದ ಗ್ರಂಥವೆಂದು ಓದಿದಾಗಲೇ ಇದರ ಯೋಗ್ಯತೆಯು ವಾಚಕರಿಗೆ ತಿಳಿಯುವುದು.