ಲಾರಿ ಎಲ್ಲಿ ಹೋದಳು?

ಲಾರಿ ಎಂದರೆ ಸಿಮೆಂಟು ಸಾಗಿಸುವ ಲಾರಿಯಲ್ಲ. ‘ಅಮೆರಿಕನ್ ಗ್ರಾಫಿಟಿ’ ಎಂಬ 1973ರ ಹಾಲಿವುಡ್ ಚಿತ್ರದಲ್ಲಿ ಬರುವ ಹೈಸ್ಕೂಲು ಹುಡುಗಿಯ ಹೆಸರು. ಶಾಲಾ ಮಕ್ಕಳ ಬೇಸಿಗೆ ರಜೆಯ ಮೋಜನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ ಚಿತ್ರವನ್ನು ನಾನು ನೋಡಿಲ್ಲ. ಟೆಕ್ಸಾಸಿನ ಮಗಳ ಮನೆಗೆ ಹೋದಾಗಲೆಲ್ಲ ಒಂದು ಸಲವಾದರೂ ಹಾಕಿಸಿಕೊಂಡು ನೋಡುತ್ತೇನೆ. ಆದರೆ ಕೊನೆಯ ಕೆಲವು ಕ್ಷಣಗಳು ಬಂದಾಗ ಪ್ರತಿ ಸಲವೂ ಸಿಟ್ಟು ಬರುತ್ತದೆ.

ಅಲ್ಲಿಯ ಹೈಸ್ಕೂಲೆಂದರೆ ನಮ್ಮ ಪಿಯುಸಿಯೂ ಸೇರಿದ ಹನ್ನೆರಡನೇ ತರಗತಿಯವರೆಗಿನ ಶಾಲೆ. ಜೂನ್‌ನಿಂದ ಆಗಸ್ಟಿನವರೆಗೆ ಉದ್ದನೆಯ ರಜೆ. ಚಿತ್ರದ ಕಥೆ ನಡೆಯುವುದು 1962ರ ಅಂಥ ಒಂದು ರಜೆಯ ಕಟ್ಟಕಡೆಯ ರಾತ್ರಿ, ಕ್ಯಾಲಿಫೋರ್ನಿಯಾದ ಮೊಡೆಸ್ಟೊದಲ್ಲಿ. ನಿರ್ದೇಶಕ ಜಾರ್ಜ್ ಲ್ಯೂಕಾಸ್ ಹುಟ್ಟಿ ಬೆಳೆದ ಊರು ಅದು. ಶಾಲೆ ಮುಗಿಸಿದ ಸ್ಟೀವ್ ಮತ್ತು ಕರ್ಟ್ ಮರುದಿನ ಬೆಳಿಗ್ಗೆ ವಿಮಾನ ಹತ್ತಿ ದೂರದ ಕಾಲೇಜಿಗೆ ಹೋಗಬೇಕು. ಅಷ್ಟರೊಳಗೆ ಒಂದು ರಾತ್ರಿ ಉಳಿದಿದೆ. ಊರಿನ ಹುಡುಗ ಹುಡುಗಿಯರೆಲ್ಲ ಕಾರುಗಳಲ್ಲಿ ಒಂದೇ ಬೀದಿಯನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಸುತ್ತುತ್ತಾರೆ. ಎಲ್ಲ ಕಾರುಗಳಲ್ಲೂ ಒಂದೇ ರೇಡಿಯೋ ಹಾಡುತ್ತಿರುತ್ತದೆ. ಕಾಲಿಗೆ ಚಕ್ರ ಕಟ್ಟಿಕೊಂಡ ಹುಡುಗಿಯರು ಕಾರಿನ ಕಿಟಕಿಗೇ ತಿಂಡಿ ತಂದುಕೊಡುತ್ತಾರೆ. ಏನೂ ಆಗುವುದಿಲ್ಲ, ಆದರೂ ಎಲ್ಲವೂ ಆಗುತ್ತಿದೆ ಅನ್ನಿಸುತ್ತದೆ.

ಈ ಸಂತೋಷದಲ್ಲಿ ಹುಡುಗಿಯರ ಪಾಲು ಕಡಿಮೆಯೇನಲ್ಲ. ಕ್ಯಾರಲ್ ಎಂಬ ಪುಟ್ಟ ಹುಡುಗಿ ಜಾನ್ ಎಂಬ ಕಾರಿನ ಹುಚ್ಚನ ಪಕ್ಕದಲ್ಲಿ ಕುಳಿತು ಅವನ ಠೀವಿಯನ್ನೆಲ್ಲ ಮಣ್ಣುಪಾಲು ಮಾಡುತ್ತಾಳೆ. ತನ್ನ ಮೇಲೆ ನೀರಿನ ಬಲೂನು ಎಸೆದವರ ಕಾರಿಗೆ ಅವನ ಜೊತೆ ಸೇರಿ ಶೇವಿಂಗ್ ಕ್ರೀಮು ಬಳಿದು, ಚಕ್ರದ ಗಾಳಿ ತೆಗೆದು, ಕೇಕೆ ಹಾಕುತ್ತಾಳೆ. ಡೆಬಿ ಎಂಬವಳು ಟೆರಿ ಎಂಬ ಪೆದ್ದನ ಜೊತೆ ರಾತ್ರಿಯಿಡೀ ಪಡಬಾರದ ಪಾಡು ಪಟ್ಟು, ಕೊನೆಗೆ ‘ಚೆನ್ನಾಗಿತ್ತು’ ಎಂದು ಮನಸಾರೆ ಹೇಳುತ್ತಾಳೆ. ಆ ಪಾತ್ರಕ್ಕೆ ಕ್ಯಾಂಡಿ ಕ್ಲಾರ್ಕ್ ಹೆಸರು ಆಸ್ಕರ್ ನಾಮನಿರ್ದೇಶನದವರೆಗೆ ಹೋದದ್ದು ಸರಿಯಾಗಿಯೇ ಇದೆ.

ಇನ್ನು ಲಾರಿ. ಅವಳು ಕರ್ಟ್‌ನ ತಂಗಿ, ಸ್ಟೀವ್‌ನ ಪ್ರೇಯಸಿ, ಶಾಲೆಯ ಚಿಯರ್ ಲೀಡರ್‌ಗಳ ಮುಖ್ಯಸ್ಥೆ. ನಾವು ದೂರವಿದ್ದಷ್ಟು ದಿನ ಬೇರೆಯವರ ಜೊತೆ ಓಡಾಡೋಣ ಎಂದು ಸ್ಟೀವ್ ಆ ಸಂಜೆಯಷ್ಟೇ ಅವಳಿಗೆ ಹೇಳಿದ್ದಾನೆ, ದೊಡ್ಡ ಉಪಕಾರ ಮಾಡುವವನಂತೆ. ಶಾಲೆಯ ವ್ಯಾಯಾಮ ಶಾಲೆಯಲ್ಲಿ ಕುಣಿತ ನಡೆದಿದೆ. ಹಳೆಯ ವಿದ್ಯಾರ್ಥಿ ನಾಯಕ, ಚಿಯರ್ ಲೀಡರ್ ಎಂದು ಇಬ್ಬರನ್ನೂ ಮಧ್ಯಕ್ಕೆ ಕರೆದು ಬೆಳಕು ಬಿಡುತ್ತಾರೆ. ಜಗಳವಾಡಿಕೊಂಡೇ ಅಪ್ಪಿಕೊಂಡು ಕುಣಿಯಬೇಕು. ಅವಳು ಅಳುತ್ತಾಳೆ, ಹೆಜ್ಜೆ ಮಾತ್ರ ತಪ್ಪುವುದಿಲ್ಲ. ಮದುವೆ ಮನೆಯಲ್ಲಿ ಆರತಿ ತಟ್ಟೆ ಹಿಡಿದು, ಒಳಗೆ ಏನಾಗಿದ್ದರೂ ಮುಖದಲ್ಲಿ ನಗು ಇಟ್ಟುಕೊಂಡು ನಿಂತವರಿಗೆಲ್ಲ ಈ ದೃಶ್ಯ ತಟ್ಟನೆ ಅರ್ಥವಾಗುತ್ತದೆ. ಲ್ಯೂಕಾಸ್ ಅವಳನ್ನು ನೋಡಿಯೇ ಇಲ್ಲ ಎಂದು ನಾನು ಹೇಳಲಾರೆ. ನೋಡಿದ್ದಾರೆ, ಚೆನ್ನಾಗಿಯೇ ನೋಡಿದ್ದಾರೆ. ನನ್ನ ತಕರಾರು ಹುಟ್ಟುವುದೇ ಅಲ್ಲಿಂದ.

ಬೆಳಗಿನ ಜಾವ ಸಿಟ್ಟಿನಲ್ಲಿ ಲಾರಿ ಇನ್ನೊಬ್ಬನ ಕಾರು ಹತ್ತುತ್ತಾಳೆ. ಪಂದ್ಯದಲ್ಲಿ ಆ ಕಾರು ಮಗುಚಿ ಬೀಳುತ್ತದೆ. ಬದುಕಿ ಹೊರಬಂದವಳು ಸ್ಟೀವ್‌ನನ್ನು ಅಪ್ಪಿಕೊಳ್ಳುತ್ತಾಳೆ, ಅವನು ಊರಲ್ಲೇ ಉಳಿಯುತ್ತಾನೆ. ಕರ್ಟ್ ಒಬ್ಬನೇ ಹಾರಿಹೋಗುತ್ತಾನೆ. ಆಮೇಲೆ ಪರದೆಯ ಮೇಲೆ ಅಕ್ಷರಗಳು ಮೂಡುತ್ತವೆ. ಜಾನ್ 1964ರ ಡಿಸೆಂಬರಿನಲ್ಲಿ ಕುಡಿದು ಕಾರು ಓಡಿಸಿದವನೊಬ್ಬನಿಂದ ಸತ್ತ. ಟೆರಿ 1965ರ ಡಿಸೆಂಬರಿನಲ್ಲಿ ವಿಯೆಟ್ನಾಮಿನಲ್ಲಿ ಕಾಣೆಯಾದ. ಸ್ಟೀವ್ ಮೊಡೆಸ್ಟೊದಲ್ಲೇ ವಿಮಾ ಏಜೆಂಟ್. ಕರ್ಟ್ ಲೇಖಕ, ಕೆನಡಾದಲ್ಲಿದ್ದಾನೆ. ನಾಲ್ಕು ಹುಡುಗರು, ನಾಲ್ಕು ಭವಿಷ್ಯ. ಲಾರಿಗೆ ಒಂದು ಸಾಲೂ ಇಲ್ಲ. ಡೆಬಿಗಿಲ್ಲ, ಕ್ಯಾರಲ್‌ಗಿಲ್ಲ.

ಚಿತ್ರಕಥೆ ಬರೆದ ಮೂವರಲ್ಲಿ ಗ್ಲೋರಿಯಾ ಕ್ಯಾಟ್ಜ್ ಎಂಬ ಹೆಣ್ಣುಮಗಳೂ ಒಬ್ಬರು. ಹುಡುಗಿಯರನ್ನು ಬಿಡುವುದನ್ನು ಆಕೆ ಮತ್ತು ಆಕೆಯ ಗಂಡ, ಸಹಲೇಖಕ ವಿಲರ್ಡ್ ಹೈಕ್, ಒಪ್ಪಿರಲಿಲ್ಲ. ಅವರನ್ನೂ ಸೇರಿಸಿದರೆ ಇನ್ನೊಂದು ಫಲಕ ಬೇಕಾಗುತ್ತದೆ, ಕೊನೆ ಎಳೆದಂತಾಗುತ್ತದೆ ಎಂಬುದು ಲ್ಯೂಕಾಸರ ಸಮಾಧಾನ. ಇನ್ನೊಂದು ಫಲಕ! ಎಷ್ಟು ಸೆಕೆಂಡಿನ ಕೆಲಸ ಅದು? ವಿಮರ್ಶಕಿ ಪಾಲಿನ್ ಕೇಲ್ ಇದನ್ನು ಆಗಲೇ ಹಿಡಿದು ಕೇಳಿದ್ದರು. 1979ರಲ್ಲಿ ಬೇರೆ ನಿರ್ದೇಶಕರ ಕೈಯಲ್ಲಿ ಎರಡನೇ ಭಾಗ ಬಂತು. ಅದರಲ್ಲಿ ಲಾರಿ ಸ್ಟೀವ್‌ನ ಹೆಂಡತಿ, ಅವಳಿ ಮಕ್ಕಳ ತಾಯಿ, ಕೆಲಸಕ್ಕೆ ಹೋಗುತ್ತೇನೆಂದು ಗಂಡನ ಜೊತೆ ಜಗಳವಾಡುತ್ತಾಳೆ. ಚಿತ್ರ ಸಪ್ಪೆ. ಆದರೂ ಆ ಜಗಳದ ಸಲುವಾಗಿ ನಾನು ಅದನ್ನು ಕ್ಷಮಿಸಿದ್ದೇನೆ.

ರಜೆ ಮುಗಿದು ಶಾಲೆ ತೆರೆದ ಮೇಲೆ, ಸೆಪ್ಟೆಂಬರ್ ಅಕ್ಟೋಬರಿನ ಹೊತ್ತಿಗೆ, ಅಮೆರಿಕದ ಹೈಸ್ಕೂಲುಗಳಲ್ಲಿ ‘ಹೋಮ್‌ಕಮಿಂಗ್’ ವಾರ ಬರುತ್ತದೆ. ಹಳೆಯ ವಿದ್ಯಾರ್ಥಿಗಳನ್ನು ಫುಟ್‌ಬಾಲ್ ಪಂದ್ಯಕ್ಕೆ ಮನೆಗೆ ಕರೆಯುವ ಈ ರೂಢಿಯನ್ನು 1911ರಲ್ಲಿ ಶುರುಮಾಡಿದವರು ತಾವೇ ಎನ್ನುತ್ತದೆ ಮಿಸೌರಿ ವಿಶ್ವವಿದ್ಯಾಲಯ. ಇನ್ನೂ ಕೆಲವರು ತಮ್ಮದೇ ಮೊದಲೆನ್ನುತ್ತಾರೆ. ಒಂದು ದಿನ ರಾತ್ರಿಯುಡುಪಿನಲ್ಲೇ ಶಾಲೆಗೆ, ಇನ್ನೊಂದು ದಿನ ಅವಳಿಗಳ ವೇಷ, ಮೆರವಣಿಗೆ, ಶುಕ್ರವಾರ ರಾತ್ರಿ ಪಂದ್ಯ, ರಾಜ ರಾಣಿಗೆ ಕಿರೀಟ, ಶನಿವಾರ ಕುಣಿತ.

ಈ ಫುಟ್‌ಬಾಲ್ ಹುಚ್ಚಿನ ಬಗ್ಗೆ ಎಚ್. ಜಿ. ಬಿಸಿಂಜರ್ 1990ರಲ್ಲಿ ಬರೆದ ‘ಫ್ರೈಡೇ ನೈಟ್ ಲೈಟ್ಸ್’ ಲ್ಯೂಕಾಸರ ಚಿತ್ರಕ್ಕಿಂತ ಪ್ರಾಮಾಣಿಕವಾದದ್ದು. ಟೆಕ್ಸಾಸಿನ ಒಡೆಸ್ಸಾದ ಪರ್ಮಿಯನ್ ಹೈಸ್ಕೂಲು ತಂಡದ 1988ರ ಕಥೆ. ಅಲ್ಲಿ ಪೆಪೆಟ್ ಎಂಬ ಹುಡುಗಿಯರಿದ್ದರು. ಒಬ್ಬೊಬ್ಬ ಆಟಗಾರನಿಗೆ ಒಬ್ಬೊಬ್ಬಳು. ಅವನಿಗೆ ತಿಂಡಿ ಬೇಯಿಸಿ ತರಬೇಕು, ಅವನ ಮನೆಯಂಗಳದಲ್ಲಿ ಹೆಸರಿನ ಫಲಕ ನೆಡಬೇಕು. ಬಿಸಿಂಜರ್ ಇದನ್ನು ಮುಚ್ಚಿಡದೆ ಬರೆಯುತ್ತಾರೆ, ಹಾಸ್ಯಕ್ಕೂ ಇಳಿಸುವುದಿಲ್ಲ. ಆದರೆ ಪುಸ್ತಕದ ಪ್ರೀತಿ ಹುಡುಗರ ಮೇಲೆಯೇ. ಮೊಣಕಾಲು ಮುರಿದ ಆಟಗಾರನ ಗತಿಯನ್ನು ಕಣ್ಣೀರು ಬರುವಂತೆ ಹೇಳುವ ಲೇಖಕರು, ಆ ತಿಂಡಿ ಮಾಡಿದವಳು ಏನಾಗಬೇಕೆಂದಿದ್ದಳು ಎಂದು ಅಷ್ಟೇ ಹೊತ್ತು ಕುಳಿತು ಕೇಳಿದ್ದರೆ ಪುಸ್ತಕ ಇನ್ನೂ ದೊಡ್ಡದಾಗುತ್ತಿತ್ತು. ಪುಟಗಳ ಲೆಕ್ಕದಲ್ಲಿ ಹೇಳುತ್ತಿಲ್ಲ.

ಟೆಕ್ಸಾಸಿನಲ್ಲಿ ಈ ವಾರಕ್ಕೆ ಇನ್ನೊಂದು ವಿಶೇಷವಿದೆ, ಸೇವಂತಿಗೆ. ಹುಡುಗ ಹುಡುಗಿಗೆ ಸೇವಂತಿಗೆ ಹೂ ಕೊಡುವುದು ಹಳೆಯ ಪದ್ಧತಿ. ಈಗ ಅದು ಬಟ್ಟೆಯ ಹೂವಾಗಿ, ಸುತ್ತ ಗೆಜ್ಜೆ, ಗೊಂಬೆ, ನೆಲ ಮುಟ್ಟುವ ರಿಬ್ಬನ್ನುಗಳಾಗಿ ಬೆಳೆದಿದೆ. ಕುತ್ತಿಗೆಗೆ ಹಾಕಿಕೊಂಡು ನಡೆದರೆ ನಮ್ಮ ಊರದೇವರ ಪಲ್ಲಕ್ಕಿ ಬಂದ ಹಾಗೆ. ನೂರಾರು ಡಾಲರ್ ಬೆಲೆಯವೂ ಇವೆ, ಆದ್ದರಿಂದ ಎಷ್ಟೋ ತಾಯಂದಿರು ಮನೆಯಲ್ಲೇ ಕಟ್ಟುತ್ತಾರೆ. ಮೊಮ್ಮಗಳಿಗಾಗಿ ನಾವು ಮೂವರು ಎರಡು ರಾತ್ರಿ ಅಂಟು ಮೆತ್ತಿದ ಬೆರಳುಗಳಲ್ಲಿ ಕುಳಿತೆವು. ರಿಬ್ಬನ್ನಿನ ಒಂದರ ಮೇಲೆ ಹುಡುಗಿಯ ಹೆಸರು, ಇನ್ನೊಂದರ ಮೇಲೆ ಹುಡುಗನ ಹೆಸರು ಅಂಟಿಸುವುದು ವಾಡಿಕೆ. ಎರಡನೆಯದರ ಮೇಲೆ ಯಾರ ಹೆಸರು ಎಂದು ಅವಳಮ್ಮ ಸ್ವಲ್ಪ ಹೆದರಿಯೇ ಕೇಳಿದಳು. ಮೊಮ್ಮಗಳು ತನ್ನ ಗೆಳತಿಯ ಹೆಸರು ಹೇಳಿದಳು. ಅವರಿಬ್ಬರೂ ಒಬ್ಬರಿಗೊಬ್ಬರು ಕಟ್ಟಿಕೊಡುವುದೆಂದು ಬೇಸಿಗೆ ರಜೆಯಲ್ಲೇ ಮಾತಾಗಿತ್ತಂತೆ. ಬೆಳ್ಳಿ ಬಣ್ಣದ ಅಕ್ಷರಗಳು ಸಾಲದೆ ಬಂದವು, ಮರುದಿನ ಅಂಗಡಿಗೆ ಹೋಗಿ ತಂದೆವು.