ಪಗಡಿಯ ತಪ್ಪೇನು?

ನಮ್ಮ ಅಕ್ಕಲಕೋಟ ಸೀಮೆಯಾಗ ಹುಡುಗರು ಗುಡಿ ಕಟ್ಟಿಯ ಮ್ಯಾಲ ಚೌಕಾಬಾರದ ಮನಿ ಬರೆದರ, “ಧರ್ಮರಾಯನ್ನ ಕೆಡಿಸಿದ ಆಟ, ಏಳ್ರಿ” ಅಂತ ಹಿರಿಯರು ಗದರಸ್ತಾರ. ಕುಮಾರವ್ಯಾಸನ ಸಭಾಪರ್ವವನ್ನು ಹೀಗೆ ಓದುವುದು ಸರಿಯೇ? ದ್ರೌಪದಿಯ ಪ್ರಶ್ನೆ ದಾಳದ ಮೇಲಲ್ಲ. ಮೊದಲು ತನ್ನನ್ನೇ ಸೋತವನಿಗೆ ನನ್ನನ್ನು ಒಡ್ಡುವ ಹಕ್ಕೆಲ್ಲಿತ್ತು ಎಂದು ಆಕೆ ಸಭೆಯನ್ನು ಕೇಳುತ್ತಾಳೆ. ಭೀಷ್ಮ ದ್ರೋಣರಂಥವರಿಂದಲೂ ಆಕೆಗೆ ನ್ಯಾಯ ಸಿಗಲಿಲ್ಲ. ಅಂದಮ್ಯಾಲ ಅಲ್ಲಿ ಕೆಟ್ಟದ್ದು ಎರಡು: ಪಣ, ಮತ್ತ ಹಿರಿಯರ ಮೌನ.

ಚೌಕಾಬಾರಕ್ಕ ಪಣ ಬೇಕಿಲ್ಲ. 25 ಮನಿ, 4 ಕವಡಿ ಸಾಕು. ಕವಡಿ ಎಲ್ಲಾ ಅಂಗಾತ ಬಿದ್ದರ ನಾಕು, ಬೋರಲ ಬಿದ್ದರ ಎಂಟು. ಎರಡಕ್ಕೂ ಇನ್ನೊಂದು ಸಲ ಒಗೀಬೇಕು. ಹೊರಗಿನ 16 ಮನಿ ಸುತ್ತಿ, ಎದುರಿನವರ ಒಂದು ಕಾಯಿ ಕಡಿದವನಿಗಷ್ಟ ಒಳಗಿನ 8 ಮನಿ ತೆರೀತಾವ. ನಡುಮನಿ ಮುಟ್ಟಿದರ ಕಾಯಿ ಹಣ್ಣಾತು. ಕವಡಿ ಬೀಳೋದು ದೈವ, ಯಾವ ಕಾಯಿ ನಡೆಸೋದು ಬುದ್ಧಿ. ಕಡಿಸಿಕೊಂಡ ಕೂಸು ಅಳದ ಮತ್ತ ಮೊದಲಿಂದ ಶುರು ಮಾಡೋದು ಕಲೀತದ. ಪ್ಯಾಟ್ಯಾಗ ಮರಾಠಿಯೊಳಗ ಎಣಿಸೋ ನಮ್ಮ ಹುಡುಗರು ಇಲ್ಲಿ ಕನ್ನಡದಾಗ ಎಣಸ್ತಾರ.

ಇಸ್ಪೀಟಿಗೆ ರೊಕ್ಕ ಹಚ್ಚೋ ದೊಡ್ಡವರ ಮುಂದ ಬಾಯಿ ಮುಚ್ಚಿ, ಹುಡುಗರ ಗೆರೆ ಮಾತ್ರ ಅಳಿಸಿದರ, ನಾವೂ ಆ ಸಭೆಯವರೇ.