ರೀಮಿಕ್ಸ್: ಚರಣ ಎಲ್ಲಿ ಹೋಯಿತು?

ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೊರಟ ರಾತ್ರಿ ಬಸ್ಸು. ನಿದ್ದೆ ಹತ್ತದಿರಲೆಂದು ಚಾಲಕ ಹಾಡು ಹಾಕಿದ್ದ. ಎಲ್ಲವೂ ಹಳೆಯ ಹಿಂದಿ ಹಾಡುಗಳೇ. ಆದರೆ ಎಲ್ಲ ಹಾಡುಗಳ ಕೆಳಗೂ ಒಂದೇ ತೆರನಾದ ದಪ್ ದಪ್ ಸದ್ದು. ನಮ್ಮ ಪಕ್ಕದಲ್ಲಿದ್ದ ಹಿರಿಯರೊಬ್ಬರು ಒಂದು ಪಲ್ಲವಿಗೆ ಮೆಲ್ಲಗೆ ದನಿಗೂಡಿಸಿದರು. ಪಲ್ಲವಿ ಮುಗಿಯುತ್ತಲೇ ರೂಢಿಯಂತೆ ಚರಣವನ್ನೂ ಎತ್ತಿಕೊಂಡರು. ಸ್ಪೀಕರಿನಲ್ಲಿ ಚರಣ ಬರಲೇ ಇಲ್ಲ. ಯಾರೋ ಒಬ್ಬ ಇಂಗ್ಲಿಷಿನಲ್ಲಿ ನಾಲ್ಕು ಮಾತು ಬಡಬಡಿಸಿದ, ಮತ್ತೆ ಅದೇ ಪಲ್ಲವಿ. ಹಿರಿಯರು ನಮ್ಮತ್ತ ತಿರುಗಿ, "ಚರಣ ಎಲ್ಲಿ ಹೋತ್ರೀ?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ರೀಮಿಕ್ಸ್ ಎಂದೊಡನೆ ನಮ್ಮ ತಲೆಮಾರಿಗೆ ನೆನಪಾಗುವುದು 2002ರಲ್ಲಿ ಬಂದ 'ಕಾಂಟಾ ಲಗಾ'. ಅಂದು ಎದ್ದ ಗಲಾಟೆಯೆಲ್ಲ ವಿಡಿಯೋದಲ್ಲಿ ಕುಣಿದ ಹುಡುಗಿಯ ಉಡುಪಿನ ಬಗ್ಗೆ. ಸಂಸ್ಕೃತಿ ಕೆಟ್ಟಿತು ಎಂದು ಎಲ್ಲ ಧರ್ಮಗಳ ಹಿರಿಯರೂ ಗೊಣಗಿದರು, ಅವರ ಜೊತೆ ನಾವೂ ಗೊಣಗಿದೆವು. ಆದರೆ ಆ ಹಾಡು 1972ರ 'ಸಮಾಧಿ' ಚಿತ್ರದ್ದು, ರಾಗ ಸಂಯೋಜನೆ ಆರ್.ಡಿ. ಬರ್ಮನ್ ಅವರದು, ಸಾಹಿತ್ಯ ಮಜ್ರೂಹ್ ಸುಲ್ತಾನ್‌ಪುರಿಯವರದು, ಮೊದಲು ಹಾಡಿದ್ದು ಲತಾ ಮಂಗೇಶ್ಕರ್ ಎಂಬುದನ್ನು ಎಷ್ಟು ಮಂದಿ ಕೇಳಿದರು? ಆ ಹೊತ್ತಿಗೆ ಬರ್ಮನ್ ಮತ್ತು ಮಜ್ರೂಹ್ ಇಬ್ಬರೂ ತೀರಿಕೊಂಡಿದ್ದರು. ಉಡುಪಿನ ಚರ್ಚೆಯಲ್ಲಿ ನಾವು ಮುಳುಗಿದ್ದಾಗ ಹಾಡಿನ ಒಡೆತನದ ಪ್ರಶ್ನೆ ಸದ್ದಿಲ್ಲದೆ ಜಾರಿಹೋಯಿತು.

ಇದಕ್ಕೆ ದಾರಿ ಮಾಡಿಕೊಟ್ಟದ್ದು ನಮ್ಮ ಕಾನೂನೇ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಒಂದು ಸಣ್ಣ ಕಿಂಡಿಯಿತ್ತು. ಒಮ್ಮೆ ಧ್ವನಿಮುದ್ರಣಗೊಂಡ ಹಾಡನ್ನು ಎರಡು ವರ್ಷ ಕಳೆದ ಮೇಲೆ ಬೇರೆಯವರು ಮತ್ತೆ ಹಾಡಿಸಿ ಮಾರಬಹುದಿತ್ತು. ಮೂಲದವರಿಗೆ ನೋಟಿಸು ಕೊಟ್ಟು, ನಿಗದಿಯಾದ ರಾಯಧನ ಕಟ್ಟಿದರೆ ಸಾಕು. ಎಂಬತ್ತರ ದಶಕದಲ್ಲಿ ಟಿ-ಸೀರೀಸಿನ ಅಗ್ಗದ ಕ್ಯಾಸೆಟ್ಟುಗಳು ಊರೂರು ತುಂಬಿದ್ದು ಈ ಕಿಂಡಿಯ ಬಲದಿಂದಲೇ. ಅದರಿಂದ ಬಡವರ ಮನೆಗೂ ಹಾಡು ಬಂತು ಎಂಬುದನ್ನು ಅಲ್ಲಗಳೆಯಲಾಗದು. ಹೊಸ ಗಾಯಕರಿಗೆ ಕೆಲಸ ಸಿಕ್ಕಿದ್ದೂ ಹೌದು. ಆದರೆ ಕಿಂಡಿ ಬರಬರುತ್ತಾ ಹೆಬ್ಬಾಗಿಲಾಯಿತು. 2012ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದು, ಎರಡು ವರ್ಷದ ಅವಧಿ ಐದಾಯಿತು. ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಧನ ಕಡ್ಡಾಯವಾಯಿತು. ಒಪ್ಪಿಗೆಯಿಲ್ಲದೆ ಮೂಲವನ್ನು ಮಾರ್ಪಡಿಸುವಂತಿಲ್ಲ ಎಂಬ ಮಾತೂ ಸೇರಿತು. ಕವಿ ಮತ್ತು ಸಂಗೀತಗಾರನ ರಾಯಧನದ ಹಕ್ಕನ್ನು ನಿರ್ಮಾಪಕರು ಸಾರಾಸಗಟಾಗಿ ಬರೆಸಿಕೊಳ್ಳುವುದಕ್ಕೂ ತಡೆ ಬಿತ್ತು. ಇದಕ್ಕಾಗಿ ರಾಜ್ಯಸಭೆಯಲ್ಲಿ ದನಿಯೆತ್ತಿದವರು ಸ್ವತಃ ಹಾಡು ಬರೆಯುವ ಜಾವೇದ್ ಅಖ್ತರ್.

ಹಾಗಿದ್ದರೂ ರೀಮಿಕ್ಸ್ ನಿಲ್ಲಲಿಲ್ಲ. ಹಳೆಯ ಹಾಡುಗಳ ಹಕ್ಕು ಬಹುಪಾಲು ಇರುವುದು ಕಂಪೆನಿಗಳ ಕೈಯಲ್ಲಿ. ಕಂಪೆನಿ ತನ್ನದೇ ಹಾಡನ್ನು ತಾನೇ ಕಲಸಿದರೆ ಕೇಳುವವರಾರು? 2020ರಲ್ಲಿ 'ಮಸಕ್ಕಲಿ' ಹಾಡಿನ ಹೊಸ ರೂಪ ಬಂದಾಗ ಎ.ಆರ್. ರೆಹಮಾನ್, ಮೂಲವು ಅಡ್ಡದಾರಿ ಹಿಡಿಯದೆ ನಿದ್ದೆಗೆಟ್ಟು ಮಾಡಿದ ಕೆಲಸ, ಇನ್ನೂರಕ್ಕೂ ಹೆಚ್ಚು ಸಂಗೀತಗಾರರ ದುಡಿಮೆ ಅದರಲ್ಲಿದೆ ಎಂದು ಬರೆದರು. ಬೈಗುಳದ ಒಂದು ಪದವೂ ಅದರಲ್ಲಿರಲಿಲ್ಲ. ಅಷ್ಟು ದೊಡ್ಡ ಹೆಸರಿನವರೂ ಅಷ್ಟೇ ಹೇಳಿ ಸುಮ್ಮನಾಗಬೇಕಾಯಿತು.

ಇಷ್ಟು ಹೇಳಿದ ಮೇಲೆ ರೀಮಿಕ್ಸ್ ಎಂಬುದೇ ಪಾಪ ಎಂದು ತೀರ್ಪು ಕೊಟ್ಟುಬಿಡುವುದು ಸುಲಭ. ನಾವು ಅದಕ್ಕೆ ಸಿದ್ಧರಿಲ್ಲ. ಕನ್ನಡ ನಾಡಿನ ಸಂಗೀತವನ್ನೇ ನೋಡಿ. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ ಮೈಸೂರಿನ ದರ್ಬಾರಿಗೆ ಬಂದು ಹೋಗುತ್ತಾ ಕರ್ನಾಟಕ ಸಂಗೀತಕ್ಕೆ ಕಿವಿಗೊಟ್ಟರು. ಅಲ್ಲಿನ ಸರಿಗಮ ಹಾಡುವ ಕ್ರಮವನ್ನು ತಮ್ಮ ಖಯಾಲಿನೊಳಗೆ ತಂದರು. ತ್ಯಾಗರಾಜರ ಕೃತಿಯನ್ನೇ ಹಾಡಿ ಧ್ವನಿಮುದ್ರಿಸಿದರು. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು, ಅವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಜೋಶಿಯವರು ಪುರಂದರದಾಸರ ಪದಗಳನ್ನು ಹಿಂದುಸ್ತಾನಿ ಧಾಟಿಯಲ್ಲಿ ಹಾಡಿದಾಗ ಅದನ್ನು ಕಲಬೆರಕೆ ಎಂದು ಯಾರು ಜರಿದರು? ದಾಸರು ಯಾವ ಮಟ್ಟಿನಲ್ಲಿ ಹಾಡಿದ್ದರೋ ಆ ಮಟ್ಟುಗಳು ಬಹುತೇಕ ಉಳಿದಿಲ್ಲ. ಉಳಿದದ್ದು ಮಾತು ಮತ್ತು ಕೊನೆಯಲ್ಲಿರುವ ಅಂಕಿತ.

ಈ ಅಂಕಿತ ಎಂಬುದು ಸಣ್ಣ ವಿಷಯವಲ್ಲ. ಶಿಶುನಾಳ ಶರೀಫರನ್ನು ತೆಗೆದುಕೊಳ್ಳಿ. 1889ರಲ್ಲಿ ತೀರಿಕೊಂಡ ಶರೀಫರ ಪದಗಳು ಭಜನೆ ಮೇಳಗಳಲ್ಲಿ, ಹೊಲಗಳಲ್ಲಿ, ಮಠ ದರ್ಗಾಗಳಲ್ಲಿ ಬಾಯಿಂದ ಬಾಯಿಗೆ ದಾಟಿ ಬಂದವು. ಒಂದು ಊರಿನ ಧಾಟಿ ಇನ್ನೊಂದು ಊರಿನಲ್ಲಿಲ್ಲ. ಸಿ. ಅಶ್ವತ್ಥ್ ಅವುಗಳನ್ನು ಕ್ಯಾಸೆಟ್ಟಿಗೂ 1990ರ 'ಸಂತ ಶಿಶುನಾಳ ಶರೀಫ' ಚಿತ್ರಕ್ಕೂ ಹೊಸದಾಗಿ ಹೊಂದಿಸಿದರು. 2008ರಲ್ಲಿ ರಘು ದೀಕ್ಷಿತ್ ಗಿಟಾರು ಹಿಡಿದು ಅದೇ ಪದಗಳನ್ನು ಕಾಲೇಜು ಹುಡುಗರ ಬಾಯಿಗೆ ತಂದರು. ಅಶ್ವತ್ಥರ ಶರೀಫರು ಬೇರೆ, ರಘು ಅವರ ಶರೀಫರು ಬೇರೆ, ಶಿಶುನಾಳದ ಜಾತ್ರೆಯಲ್ಲಿ ಏಕತಾರಿ ಹಿಡಿದು ಕೂತವನ ಶರೀಫರೂ ಬೇರೆ. ನಮಗೆ ಮೂರನೆಯವರೇ ಹೆಚ್ಚು ಇಷ್ಟ, ಅದು ನಮ್ಮ ರುಚಿಯ ಮಾತು. ಆದರೆ ಮೂವರಲ್ಲಿ ಯಾರೂ ಶರೀಫರನ್ನು ಮರೆಮಾಚಲಿಲ್ಲ. ಪದದ ಕೊನೆಯಲ್ಲಿ ಶಿಶುನಾಳಧೀಶ ಬಂದೇ ಬರುತ್ತಾನೆ. ಗೋವಿಂದ ಭಟ್ಟರೆಂಬ ಗುರು, ಶರೀಫನೆಂಬ ಶಿಷ್ಯ ಇಬ್ಬರೂ ಕೇಳುಗನ ಮನಸ್ಸಿನಲ್ಲಿ ಹಾದುಹೋಗುತ್ತಾರೆ.

ಹಿಂದುಸ್ತಾನಿ ಗಾಯಕರು ಉಸ್ತಾದರ ಹೆಸರು ಹೇಳುವಾಗ ಕಿವಿ ಮುಟ್ಟಿಕೊಳ್ಳುವುದನ್ನು ನೋಡಿದ್ದೀರಲ್ಲ? ಲಾವಣಿ ಹಾಡುವವರು ಕೊನೆಯ ನುಡಿಯಲ್ಲಿ ಕಟ್ಟಿದವನ ಊರು, ಹೆಸರು ತರುವುದೂ ಇದೇ ಜಾತಿಯದು. ಹದೀಸ್ ವಿದ್ವಾಂಸರಲ್ಲಿ ಇದು ಒಂದು ಶಾಸ್ತ್ರವಾಗಿಯೇ ಬೆಳೆಯಿತು. ಒಂದು ಮಾತನ್ನು ಹೇಳುವ ಮೊದಲು ಅದು ಯಾರಿಂದ ಯಾರಿಗೆ ಬಂತು ಎಂಬ ಕೊಂಡಿಗಳನ್ನು ಒಂದೊಂದಾಗಿ ಹೇಳಬೇಕು. ಆ ಸರಪಳಿಯ ಹೆಸರು ಸನದ್. ಕನ್ನಡದಲ್ಲಿ ಜಮೀನಿನ ಹಕ್ಕುಪತ್ರಕ್ಕೆ ಹೇಳುವ ಸನದು ಇದೇ ಪದ. ಸನದಿಲ್ಲದ ಮಾತು ಎಷ್ಟೇ ಚೆಂದವಿದ್ದರೂ ವಿದ್ವಾಂಸರು ಅದನ್ನು ಹದೀಸ್ ಎಂದು ಒಪ್ಪುವುದಿಲ್ಲ. ರೀಮಿಕ್ಸಿಗೂ ನಾವು ಕೇಳಬೇಕಾದದ್ದು ಇದನ್ನೇ. ಬೆರಸಿದ್ದೀರಿ, ಸರಿ. ನಿಮ್ಮ ಸನದು ಎಲ್ಲಿ?

ಈ ಪ್ರಶ್ನೆ ಎಷ್ಟು ನೋಯಿಸಬಲ್ಲದು ಎಂಬುದಕ್ಕೆ ನುಸ್ರತ್ ಫತೇ ಅಲಿ ಖಾನ್ ಅವರಿಗಿಂತ ಒಳ್ಳೆಯ ನಿದರ್ಶನವಿಲ್ಲ. ನುಸ್ರತ್ ಮಡಿವಂತರಾಗಿರಲಿಲ್ಲ. 1990ರಲ್ಲಿ ಕೆನಡಾದ ಮೈಕೆಲ್ ಬ್ರೂಕ್ ಜೊತೆ ಕೂತು 'ಮಸ್ತ್ ಮಸ್ತ್' ಎಂಬ ಆಲ್ಬಂ ಮಾಡಿದರು. ಅದರ ಒಂದು ಹಾಡನ್ನು ಮ್ಯಾಸಿವ್ ಅಟ್ಯಾಕ್ ಎಂಬ ಇಂಗ್ಲೆಂಡಿನ ತಂಡ ರೀಮಿಕ್ಸ್ ಮಾಡಿತು. ಬ್ರೂಕ್‌ಗೆ ಭಾಷೆ ಬರುತ್ತಿರಲಿಲ್ಲ. ಅವರು ಕತ್ತರಿಸಿದ ಕಡೆ ಕೆಲವು ವಾಕ್ಯಗಳು ನಡುವಿನಲ್ಲೇ ತುಂಡಾಗಿ ಅರ್ಥಗೆಟ್ಟಿದ್ದವು. ನುಸ್ರತ್ ಅದನ್ನು ಒಪ್ಪಲಿಲ್ಲ. ಇಬ್ಬರೂ ಮಾತಾಡಿಕೊಂಡು ಸರಿಪಡಿಸಿದರು. ಹೊಸತಿಗೆ ಬಾಗಿಲು ತೆರೆದಿತ್ತು, ಆದರೆ ಅರ್ಥ ಕೆಡಬಾರದು ಎಂಬ ಹೊಸ್ತಿಲೂ ಇತ್ತು.

ಅದೇ ಕಾಲದಲ್ಲಿ ಮುಂಬೈ ಚಿತ್ರರಂಗ ಏನು ಮಾಡಿತು? ಸಿಂಧ್‌ನ ಸೆಹ್ವಾನಿನಲ್ಲಿ ಮಲಗಿರುವ ಲಾಲ್ ಶಹಬಾಜ್ ಕಲಂದರರನ್ನು ನೆನೆಯುವ ಖವ್ವಾಲಿಯ ಧಾಟಿ 1994ರ 'ಮೊಹ್ರಾ' ಚಿತ್ರಕ್ಕೆ ಹಾರಿತು. ಸೂಫಿಗಳ ಬಾಯಲ್ಲಿ ಮಸ್ತ್ ಎಂದರೆ ದೇವನ ಧ್ಯಾನದಲ್ಲಿ ತನ್ನ ಪರಿವೆ ಕಳೆದುಕೊಂಡವನು. ಚಿತ್ರದಲ್ಲಿ ಆ ಪದ ಒಬ್ಬ ಹೆಣ್ಣನ್ನು 'ಚೀಜ್', ಅಂದರೆ ವಸ್ತು, ಎಂದು ಕರೆದು ಹೊಗಳುವುದಕ್ಕೆ ಬಂತು. 2017ರಲ್ಲಿ 'ಮಷೀನ್' ಎಂಬ ಚಿತ್ರಕ್ಕಾಗಿ ಆ ಸಿನಿಮಾ ಹಾಡನ್ನೇ ಮತ್ತೆ ರೀಮಿಕ್ಸ್ ಮಾಡಲಾಯಿತು. ಇಷ್ಟು ದೂರ ಬಂದ ಮೇಲೆ ಕಲಂದರರೂ ಇಲ್ಲ, ನುಸ್ರತ್ತರೂ ಇಲ್ಲ. ಈ ಹಾಡಿಗೆ ಕುಣಿಯುವ ಹುಡುಗ ಹುಡುಗಿಯರಿಗೆ ತಾವು ಒಂದು ದರ್ಗಾದ ಅಂಗಳದಿಂದ ಬಂದ ತಾಳಕ್ಕೆ ಹೆಜ್ಜೆ ಹಾಕುತ್ತಿದ್ದೇವೆ ಎಂಬ ಗುಮಾನಿಯೂ ಇರಲಾರದು.

ನುಸ್ರತ್ ಈ ನಕಲುಗಳನ್ನು ಮೊದಮೊದಲು ತಮಾಷೆಯಾಗಿಯೇ ತೆಗೆದುಕೊಂಡರು. ನಕಲಿಗೆ ಬಹುಮಾನ ಕೊಡುವುದಾದರೆ ಯಾರಿಗೆ ಕೊಡಬೇಕು ಎಂದು ನಗಾಡಿದರು. ಅವರ ನಗು ನಿಂತದ್ದು 1997ರ 'ಔಜಾರ್' ಚಿತ್ರದಲ್ಲಿ. ಅವರ 'ಅಲ್ಲಾಹೂ' ಜಪದ ಸ್ವರಗಳ ಮೇಲೆ ಅಲ್ಲಿ 'ಐ ಲವ್ ಯೂ' ಎಂದು ಕೂರಿಸಲಾಗಿತ್ತು. ಧಾರ್ಮಿಕ ಗೀತೆಗಳಿಗಾದರೂ ಗೌರವ ಕೊಡಬಾರದೇ ಎಂದು ಅವರು ಕೇಳಿದರು. ಆ ವರ್ಷದ ಆಗಸ್ಟಿನಲ್ಲಿ ಅವರು ತೀರಿಕೊಂಡರು.

ಇಲ್ಲಿ ಕೆಲವರು ತಕರಾರು ತೆಗೆಯಬಹುದು. ಸೂಫಿಗಳೇ ಲೌಕಿಕ ಪ್ರೇಮದ ಮಾತನ್ನು ದೇವರ ಕಡೆ ತಿರುಗಿಸಲಿಲ್ಲವೇ? ಮದಿರೆ, ಸಾಕಿ, ಪ್ರಿಯತಮೆಯನ್ನು ಅವರು ಎರವಲು ತರಲಿಲ್ಲವೇ? ಹೌದು, ತಂದರು. ಆದರೆ ಸೂಫಿ ಕವಿ ಮದಿರೆ ಎಂದಾಗ ಕೇಳುಗನಿಗೆ ಹೆಂಡದ ಬುಡ್ಡಿಯೂ ಗೊತ್ತಿರುತ್ತದೆ, ಅದನ್ನು ದಾಟಿದ ಇನ್ನೊಂದೂ ಕಾಣುತ್ತದೆ. ಎರಡೂ ಒಟ್ಟಿಗೆ ಬದುಕಿರುತ್ತವೆ. 'ಐ ಲವ್ ಯೂ' ಹಾಡಿನಲ್ಲಿ ಹಿಂದಿನದು ಕಾಣುವಂತೆಯೇ ಇಲ್ಲ. ಕಂಡರೆ ನಕಲು ಬಯಲಾಗುತ್ತದೆ. ಮೂಲವು ಸತ್ತರೇ ಬದುಕುವ ರೀಮಿಕ್ಸ್ ಅದು.

ಮೂಲದವನಿಗೆ ಕಾಸೂ ಇಲ್ಲ, ಹೆಸರೂ ಇಲ್ಲ ಎಂಬುದು ನಮ್ಮ ದೇಶದ ಕಥೆಯಷ್ಟೇ ಅಲ್ಲ. 1969ರಲ್ಲಿ ಅಮೆರಿಕದ ದಿ ವಿನ್‌ಸ್ಟನ್ಸ್ ಎಂಬ ತಂಡದ ಗ್ರೆಗರಿ ಕೋಲ್ಮನ್ ಎಂಬ ಕರಿಯ ಡ್ರಮ್ಮರ್ ಒಂದು ಹಾಡಿನ ನಡುವೆ ಆರೇಳು ಸೆಕೆಂಡು ಒಬ್ಬನೇ ಬಾರಿಸಿದ. ಆ ತುಣುಕನ್ನು ಕತ್ತರಿಸಿ ಸಾವಿರಾರು ಹಾಡುಗಳಿಗೆ ಬಳಸಲಾಯಿತು. ಕೋಲ್ಮನ್‌ಗೆ ಬಿಡಿಗಾಸು ಬರಲಿಲ್ಲ. 2006ರಲ್ಲಿ ಕಡುಬಡವನಾಗಿ ಸತ್ತ. 2015ರಲ್ಲಿ ಇಂಗ್ಲೆಂಡಿನ ಕೆಲವು ಸಂಗೀತಗಾರರು ನಾಚಿಕೆಯಾಗಿಯೋ ಏನೋ ಚಂದಾ ಎತ್ತಿ ಸುಮಾರು 24,000 ಪೌಂಡನ್ನು ಆ ತಂಡದ ನಾಯಕನಿಗೆ ಒಪ್ಪಿಸಿದರು. ಬಾರಿಸಿದವನು ಆಗ ಇರಲಿಲ್ಲ.

ಇನ್ನು ಹಾಡಿನಾಚೆಯ ರೀಮಿಕ್ಸ್. 2012ರ ಆಗಸ್ಟಿನಲ್ಲಿ ಬೆಂಗಳೂರು ರೈಲು ನಿಲ್ದಾಣದಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಗಂಟುಮೂಟೆ ಹೊತ್ತು ಓಡಿದ್ದನ್ನು ನಾವು ಮರೆತಿಲ್ಲ. ಎಲ್ಲೋ ಯಾವಾಗಲೋ ನಡೆದ ದುರಂತಗಳ ಚಿತ್ರಗಳಿಗೆ ಬೇರೆ ಊರಿನ ಹೆಸರು ಅಂಟಿಸಲಾಗಿತ್ತು. ಮುಸ್ಲಿಮರು ದಾಳಿ ಮಾಡುತ್ತಾರೆ ಎಂಬ ಸುಳ್ಳು ಎಸ್ಸೆಮ್ಮೆಸ್ಸಿನಲ್ಲಿ ಹರಿದಾಡಿತ್ತು. ಆ ದಿನಗಳಲ್ಲಿ ಸರ್ಕಾರ ಸಾಮೂಹಿಕ ಎಸ್ಸೆಮ್ಮೆಸ್ಸುಗಳನ್ನೇ ತಡೆಯಬೇಕಾಯಿತು. ಚಿತ್ರ ನಿಜ, ಊರೂ ನಿಜ, ಬೆರಕೆ ಸುಳ್ಳು. ಇಂದು ಭಾಷಣದ ಹತ್ತು ಸೆಕೆಂಡು ಕತ್ತರಿಸಿ ಹಂಚುವುದೂ ಅದೇ ಕಸುಬು. ಚರಣ ಕಿತ್ತು ಪಲ್ಲವಿಯನ್ನಷ್ಟೇ ಮತ್ತೆ ಮತ್ತೆ ಕೇಳಿಸಿದರೆ, ಆಡಿದವನು ಮುಂದೆ ಏನು ಹೇಳಿದ್ದ ಎಂಬುದು ಯಾರಿಗೂ ಬೇಕಾಗುವುದಿಲ್ಲ. ಭಕ್ತಿಗೀತೆಗಳ ಧಾಟಿಗೆ ಬೈಗುಳ ಹೊಂದಿಸಿ ಮಸೀದಿಯ ಮುಂದೆ ಡಿಜೆ ಹಚ್ಚುವವರ ಕೈಗೂ ಇದೇ ಕತ್ತರಿ ಸಿಕ್ಕಿದೆ. ಆ ಭಜನೆಗಳನ್ನು ಕಟ್ಟಿದ ಭಕ್ತರಿಗೆ ಆಗುವ ಅವಮಾನ ನಮಗಾಗುವುದಕ್ಕಿಂತ ಕಡಿಮೆಯೇನಲ್ಲ.

ಈಗ ಸತ್ತವರ ದನಿಯನ್ನೂ ಯಂತ್ರ ಹಾಡಿಸುತ್ತದೆ. 2024ರ 'ಲಾಲ್ ಸಲಾಂ' ಚಿತ್ರಕ್ಕೆ ರೆಹಮಾನ್ ಅವರೇ ತೀರಿಹೋದ ಶಾಹುಲ್ ಹಮೀದ್ ಮತ್ತು ಬಂಬಾ ಬಾಕ್ಯ ಅವರ ದನಿಗಳನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ಬಳಸಿದರು. ಕುಟುಂಬದವರ ಒಪ್ಪಿಗೆ ಪಡೆದು, ಸಂಭಾವನೆ ಕೊಟ್ಟು, ಅದನ್ನು ಬಹಿರಂಗವಾಗಿ ಹೇಳಿದರು. ಸತ್ತವರನ್ನು ಹಾಡಿಸಬೇಕೇ ಎಂಬ ಅಳುಕು ನಮಗೆ ಇದ್ದೇ ಇದೆ. ಆದರೂ ಕೇಳಿ ಪಡೆಯುವ ಮರ್ಯಾದೆ ಅಲ್ಲಿತ್ತು. ಎಲ್ಲರೂ ರೆಹಮಾನ್ ಆಗಿರುವುದಿಲ್ಲ, ಯಂತ್ರ ಮಾತ್ರ ಎಲ್ಲರ ಕೈಯಲ್ಲಿದೆ.

ಪರರ ತಪ್ಪು ಎಣಿಸುವಾಗ ನಮ್ಮ ಮನೆಯತ್ತಲೂ ನೋಡಿಕೊಳ್ಳಬೇಕು. ನಾತ್‌ಗಳ ಹಿನ್ನೆಲೆಯಲ್ಲಿ ಅಲ್ಲಾಹನ ಹೆಸರನ್ನೇ ಡ್ರಮ್ಮಿನ ಬದಲು ತಾಳವಾಗಿ ಬಡಿಯುವ ಧ್ವನಿಮುದ್ರಣಗಳು ಬಂದು ಎಷ್ಟೋ ವರ್ಷವಾಯಿತು. 'ಅಲ್ಲಾಹೂ' ಹೋಗಿ 'ಐ ಲವ್ ಯೂ' ಆಯಿತೆಂದು ನೊಂದುಕೊಳ್ಳುವ ನಾವು, ಅದೇ ಹೆಸರು ದಪ್ ದಪ್ ಸದ್ದಾದಾಗ ತಲೆದೂಗುತ್ತೇವೆ. ಕಳೆದ ಮೀಲಾದ್ ಮೆರವಣಿಗೆಯಲ್ಲಿ ಟ್ರ್ಯಾಕ್ಟರಿನ ಮೇಲೆ ಪೇರಿಸಿದ ಸ್ಪೀಕರುಗಳಿಂದ ಅಂಥದೊಂದು ನಾತ್ ಮೊಳಗುತ್ತಿತ್ತು. ಮನೆಗಳ ಕಿಟಕಿ ಗಾಜು ನಡುಗುತ್ತಿದ್ದವು. ಇದನ್ನು ಬರೆದವರು ಯಾರಪ್ಪಾ ಎಂದು ಮೇಲೆ ನಿಂತಿದ್ದ ಹುಡುಗನನ್ನು ಕೂಗಿ ಕೇಳಿದೆವು. ಅವನಿಗೆ ಕೇಳಿಸಲಿಲ್ಲ. ಎರಡನೆಯ ಸಲ ಕೂಗಿದಾಗ ಬಗ್ಗಿ, "ಗೊತ್ತಿಲ್ಲ ಚಾಚಾ, ಮೊಬೈಲ್‌ನಲ್ಲಿ ಬಂದಿದ್ದು" ಎಂದ.